ಯಾರು ಓಡಿಬಂದರು ಎಂದು ನಮ್ಮಕ್ಕ ಕೇಳುತ್ತಿದ್ದಾಳೆ

ಸೇನಾ ಗೌರವ ಅಂತ್ಯಕ್ರಿಯೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಮೊದಲು ನೀವು ಕೊಟ್ಟ ಮಾತುಗಳು. ಪೆಟ್ಟಿಗೆ ತೆರೆದು ತಾಯಿಗೆ ಮಗನ ಮುಖ ತೋರಿಸುತ್ತೇವೆ ಎಂದಿರಿ; ಮೊಹರು ಹಾಕಿದ ಪೆಟ್ಟಿಗೆ ಬಂತು, ತೆರೆಯಕೂಡದೆಂಬ ಆಜ್ಞೆಯೂ ಅದರ ಬೆನ್ನಿಗೇ ಬಂತು. ಮನೆಯವರು ಹೇಳಿದ ಹೊತ್ತಿಗೆ ಮಣ್ಣು ಮಾಡೋಣ ಎಂದಿರಿ. ಮಂತ್ರಿಗಳಿಗೆ ಬಿಡುವಾಗಲಿಲ್ಲವೆಂದು ಮುಂದೂಡಿದಿರಿ, ಮತ್ತೆ ಮುಂದೂಡಿದಿರಿ. ಸಮಾರಂಭ ಮುಗಿದ ಮೇಲೆ ಅವನ ಜೊತೆಗಿದ್ದ ಸೈನಿಕನೊಬ್ಬ ತಂದೆತಾಯಿಯ ಎದುರು ಕೂತು, ಅವನು ಹೇಗೆ ಸತ್ತನೆಂದು ಹೇಳುತ್ತಾನೆ ಎಂದಿರಿ. ಆ ಸೈನಿಕ ನಮ್ಮೂರಿಗೆ ಬಂದ, ನಿಮ್ಮ ವ್ಯಾನಿನಲ್ಲಿ ಕೂತಿದ್ದ, ಅವನು ಬಾಯಿ ತೆರೆಯುವ ಮೊದಲೇ ವ್ಯಾನು ಹೊರಟುಹೋಯಿತು. ಮುಖವಿಲ್ಲ, ಹೊತ್ತಿಲ್ಲ, ಮಾತಿಲ್ಲ. ಮೊದಲಿನ ಎರಡನ್ನು ನಾವು ಹೇಗೋ ನುಂಗಿಕೊಂಡಿದ್ದೇವೆ. ಕೊನೆಯದು ಗಂಟಲಲ್ಲೇ ನಿಂತಿದೆ. ಈ ಪತ್ರ ಅದರ ಬಗ್ಗೆ.

ನಾನು ಸತ್ತವನ ಚಿಕ್ಕಮ್ಮ. ಅವನ ತಾಯಿ ನನ್ನ ಸ್ವಂತ ಅಕ್ಕ. ನಮ್ಮೂರ ಕಲ್ಲು ಕ್ವಾರಿಯ ಕಾರ್ಮಿಕರ ಸಂಘಕ್ಕೆ ನಾನೇ ಕಾರ್ಯದರ್ಶಿ. ಆದ್ದರಿಂದ ಲಕೋಟೆ ನೋಡಿದ ಕೂಡಲೇ ನಿಮ್ಮ ಸಹಾಯಕರು "ಓ, ಆ ಗಲಾಟೆ ಹೆಂಗಸು" ಎಂದಿರಬಹುದು. ಹೌದು, ಅವಳೇ. ಸಮುದ್ರದಾಚೆಯ ಆ ಯುದ್ಧಕ್ಕೆ ನಮ್ಮ ಮಕ್ಕಳನ್ನು ಕಳಿಸಬೇಡಿ ಎಂದು ಬೀದಿಯಲ್ಲಿ ನಿಂತು ಕೂಗಿದವಳೂ ಅವಳೇ. ಹೊರಡುವ ಮುಂಚೆ ಹುಡುಗ ಸಂಘದ ಶೆಡ್ಡಿಗೆ ಬಂದು, ನಾನು ಬರೆಯುತ್ತಿದ್ದ ಫಲಕವನ್ನು ತಲೆ ಓರೆ ಮಾಡಿ ಓದಿದ. "ಚಿಕ್ಕಮ್ಮಾ, ವಿಷಯ ಸರಿಯಾಗಿದೆ, ತಾಳಕ್ಕೆ ಕೂರ್ತಿಲ್ಲ. ಆ ‘ಕೂಡಲೇ’ ಅನ್ನೋದನ್ನ ತೆಗ್ದುಹಾಕು" ಎಂದ. ತೆಗೆದುಹಾಕಿದೆ. ತಾಳಕ್ಕೆ ಕೂತಿತು. ಯುದ್ಧ ಮಾತ್ರ ನಿಲ್ಲಲಿಲ್ಲ.

ಅವನನ್ನು ಊರೆಲ್ಲ ‘ಸೀಟಿ’ ಎಂದೇ ಕರೆಯುತ್ತಿತ್ತು. ಅವನಿಗಿಂತ ಮೊದಲು ಅವನ ಸೀಟಿ ಬೀದಿಯ ತಿರುವು ದಾಟಿ ಬರುತ್ತಿತ್ತು. ಶಾಲೆಯಲ್ಲಿ ಏಟು ತಿಂದ, ಬಿಡಲಿಲ್ಲ. ಮನೆಯಲ್ಲಿ ಬೈಸಿಕೊಂಡ, ಬಿಡಲಿಲ್ಲ. ಸೇನೆಯಲ್ಲೂ ಬಿಟ್ಟಿರಲಾರ. ಅಲ್ಲಿಗೆ ಸೇರಿದ್ದು ಯಾವ ಭಾಷಣ ಕೇಳಿಯೂ ಅಲ್ಲ. ಅವನಪ್ಪನ ಒಂದು ಕಾಲನ್ನು ಕ್ವಾರಿ ತಿಂದುಹಾಕಿತ್ತು. ಮಗ ಕಲ್ಲಿನ ಕೆಳಗೆ ಹೋಗಕೂಡದೆಂದು ಅಕ್ಕನೇ ಹಟ ಹಿಡಿದಳು. ಗುಂಡಾದರೆ ಎದುರಿನಿಂದ ಬರುತ್ತದೆ, ಬಂಡೆ ಹೇಳಿ ಕೇಳಿ ಬೀಳುವುದಿಲ್ಲ ಎಂಬುದು ಅವಳ ವಾದ. ತಾಯಂದಿರ ಲೆಕ್ಕಾಚಾರ ಹೀಗಿರುತ್ತದೆ ಸ್ವಾಮಿ. ಎರಡು ಸಾವುಗಳಲ್ಲಿ ಸ್ವಲ್ಪ ದೂರದ್ದನ್ನು ಆರಿಸಿಕೊಳ್ಳುವುದನ್ನೇ ಬಡವರು ಮಕ್ಕಳ ಭವಿಷ್ಯ ಎಂದು ಕರೆಯುತ್ತಾರೆ.

ನಿಮ್ಮ ಇಲಾಖೆಯ ಮೊದಲ ಸಂದೇಶದಲ್ಲಿ ಇದ್ದದ್ದು ಒಂದೇ ಸಾಲು. ಶತ್ರುವಿನ ದಾಳಿಯಲ್ಲಿ ಕುಸಿದ ಕಟ್ಟಡದ ಕೆಳಗೆ ಸಿಲುಕಿ ವೀರಮರಣ. ಭಾವ ಅದನ್ನು ಓದಿ ಹೇಳಿದರು. ಅಕ್ಕ ಶತ್ರು ಯಾರು ಎಂದು ಕೇಳಲಿಲ್ಲ, ವೀರಮರಣ ಎಂದರೇನು ಎಂದೂ ಕೇಳಲಿಲ್ಲ. "ಕೆಳಗೆ ಅಂದ್ರೆ... ಎಷ್ಟು ಹೊತ್ತು?" ಎಂದಳು. ಅದಕ್ಕೆ ಉತ್ತರ ಗೊತ್ತಿರುವ ಒಬ್ಬನೇ ಮನುಷ್ಯನನ್ನು ನೀವು ನಮ್ಮೂರಿನವರೆಗೆ ಕರೆತಂದು ವಾಪಸು ಒಯ್ದಿರಿ.

ಯಾಕೆ ಒಯ್ದಿರಿ ಎಂಬುದಕ್ಕೆ ನಿಮ್ಮ ಕಚೇರಿ ಬರೆದ ಉತ್ತರ ನನ್ನ ಎದುರಿಗಿದೆ. "ಕುಶಾಲತೋಪಿನ ಮಧ್ಯೆ ಸಾರ್ವಜನಿಕರು ಸ್ಥಳವನ್ನು ತೊರೆದು ಪಲಾಯನಗೈದು ಸಮಾರಂಭದ ಘನತೆಗೆ ಚ್ಯುತಿ ತಂದಿರುತ್ತಾರೆ. ಸಮಾರಂಭವು ಅಪೂರ್ಣಗೊಂಡಿರುವುದರಿಂದ ಸಮಾರಂಭೋತ್ತರ ಭೇಟಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ." ಎಂಥ ಸ್ವಚ್ಛವಾದ ಕನ್ನಡ! ಒಂದು ರಕ್ತದ ಕಲೆಯೂ ಇಲ್ಲ. ಇದನ್ನು ಬರೆದವರಿಗೆ ಒಂದು ಪ್ರಶ್ನೆ. ನಾವು ಎತ್ತ ಓಡಿದೆವು ಎಂದು ನೀವು ನೋಡಿದಿರಾ? ಹೆದರಿದವರು ಮನೆಗೆ ಓಡುತ್ತಾರೆ, ಬಾಗಿಲ ಹಿಂದೆ ಅಡಗುತ್ತಾರೆ. ಇಡೀ ಊರು ಒಂದೇ ದಿಕ್ಕಿಗೆ, ಅದೂ ಗುಡ್ಡ ಹತ್ತಿ ಯಾಕೆ ಓಡಿತು ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಅನ್ನಿಸಲಿಲ್ಲವೇ?

ಕೇಳಿ, ಹೇಳುತ್ತೇನೆ. ನಮ್ಮ ಕ್ವಾರಿಯಲ್ಲಿ ಸೈರನ್ ಇದೆ. ಬಹಳ ಹಿಂದೆ ಒಮ್ಮೆ ಬಂಡೆಗೋಡೆ ಕುಸಿಯುವಾಗ ವಿದ್ಯುತ್ ಕಂಬವನ್ನೂ ಎಳೆದುಕೊಂಡು ಬಿತ್ತು. ಸೈರನ್ ಮೂಕವಾಯಿತು. ಕೆಳಗೆ ಸಿಕ್ಕವರು ಕೂಗಿದ್ದು ಊರಿಗೆ ಕೇಳಿಸಲಿಲ್ಲ. ಸಂಜೆ ಊಟದ ಡಬ್ಬಿ ವಾಪಸು ಬರದಿದ್ದಾಗ ಹೆಂಗಸರು ಹುಡುಕಿಕೊಂಡು ಹೋದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ವಾರ ಸಂಘ ಕೂತು ಒಂದು ಕಟ್ಟಳೆ ಮಾಡಿತು. ಇನ್ನು ಮುಂದೆ ಇಂಥದ್ದಾದರೆ ಮದ್ದು ಸಿಡಿಸುವವನು ಸೈರನ್ನನ್ನು ನಂಬಿ ಕೂರಬಾರದು. ಮೂರು ತೋಟೆಗಳನ್ನು ಸಮವಾಗಿ ಅಂತರ ಬಿಟ್ಟು ಸಿಡಿಸಬೇಕು. ಒಂದು ಸದ್ದು, ಎರಡು ಸದ್ದು ದಿನವೂ ಇರುವುದೇ. ಸಮವಾಗಿ ಮೂರು ಬಂದರೆ ಯಾರೋ ಕೆಳಗಿದ್ದಾರೆ ಎಂದರ್ಥ. ಕಿವಿಗೆ ಬಿದ್ದವರು ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಬೇಕು. ಕ್ವಾರಿಯವರು ಮಾತ್ರವಲ್ಲ, ಎಲ್ಲರೂ.

ಓಡುತ್ತಲೂ ಬಂದಿದ್ದೇವೆ. ಕ್ಷೌರಿಕ ಅರ್ಧ ಗಡ್ಡ ಹೆರೆದವನನ್ನು ಕುರ್ಚಿಯಲ್ಲೇ ಬಿಟ್ಟು ಓಡಿದ್ದಾನೆ. ಆ ಅರ್ಧ ಗಡ್ಡದವನು ಅವನ ಹಿಂದೆಯೇ ಓಡಿದ್ದಾನೆ. ಒಮ್ಮೆ ಮದುಮಗ ಮದುವೆ ಬಿಟ್ಟು ಓಡಿದ. ಹುಡುಗ ಕೈಕೊಟ್ಟನೆಂದು ಪರವೂರಿನ ನೆಂಟರು ಬೊಬ್ಬೆ ಹಾಕುವಷ್ಟರಲ್ಲಿ ಮದುಮಗಳು ಅವನನ್ನೂ ಹಿಂದೆ ಹಾಕಿದ್ದಳು. ಅವಳೂ ಇದೇ ಊರಿನವಳು. ನಮ್ಮ ಭಾವ ಬಂಡೆಯ ಕೆಳಗೆ ಸಿಕ್ಕಾಗಲೂ ಹೀಗೆಯೇ ಮೂರು ಸದ್ದಾಯಿತು. ಅವರ ಮೇಲಿನ ಕಲ್ಲುಗಳನ್ನು ಕೈಯಿಂದ ತೆಗೆದವರಲ್ಲಿ ಬೇಕರಿಯವನಿದ್ದ, ಶಾಲೆಯ ದೊಡ್ಡ ಟೀಚರಿದ್ದರು, ಭಾವನ ಜೊತೆ ಬೇಲಿ ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಪಕ್ಕದ ಮನೆಯವನೂ ಇದ್ದ. ಕಾಲು ಹೋಯಿತು, ಜೀವ ಉಳಿಯಿತು. ಪಕ್ಕದ ಮನೆಯವನು ಮರುದಿನದಿಂದ ಮತ್ತೆ ಮಾತು ಬಿಟ್ಟ. ನಮ್ಮೂರು ಹಾಗೆ. ಪ್ರೀತಿ ಇರಲೇಬೇಕೆಂದಿಲ್ಲ, ಓಡಲೇಬೇಕು.

ಈಗ ನಿಮ್ಮ ಸಮಾರಂಭಕ್ಕೆ ಬರೋಣ. ಹಿಂದಿನ ದಿನ ನಿಮ್ಮವರು ತಾಲೀಮು ನಡೆಸಿದರು. ಬದುಕಿದ್ದಾಗ ಹುಡುಗ ಕಾಣದಷ್ಟು ಸುಣ್ಣವನ್ನು ಸ್ಮಶಾನದ ಗೋಡೆಗೆ ಹಚ್ಚಿದರು. ಕ್ಯಾಮೆರಾಗಳಿಗೆ ಅಟ್ಟಣಿಗೆ, ಮಂತ್ರಿಗಳಿಗೆ ಚಪ್ಪರ, ಅಕ್ಕಭಾವನಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಧ್ವಜ ಕೈಗೆ ಬರುವಾಗ ಹೇಗೆ ಎದ್ದು ನಿಲ್ಲಬೇಕು, ಎರಡು ಅಂಗೈಯನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕು ಎಂದು ಒಬ್ಬ ಯುವ ಅಧಿಕಾರಿ ಅಕ್ಕನಿಗೆ ಹೇಳಿಕೊಟ್ಟರು. ಅಳು ಬಂದರೆ ಏನು ಮಾಡಲಿ ಎಂದು ಅಕ್ಕ ಕೇಳಿದಳು. "ಧ್ವಜ ತಗೊಂಡ್ಮೇಲೆ ಅತ್ರೆ ಒಳ್ಳೇದಮ್ಮಾ" ಎಂದರು. ಕೆಟ್ಟ ಮನುಷ್ಯರಲ್ಲ, ಪಾಪ. ಕೆಲಸವನ್ನು ಚೆನ್ನಾಗಿ ಕಲಿತಿದ್ದರು, ಅಷ್ಟೇ. ಕುಶಾಲತೋಪಿನ ಸರದಿ ಬಂದಾಗ ಮದ್ದು ವ್ಯರ್ಥವಾಗಬಾರದೆಂದು ಬಾಯಲ್ಲೇ "ಢಂ, ಢಂ, ಢಂ" ಎಂದು ಮುಗಿಸಿದರು. ಬೇಲಿಯಾಚೆ ನಿಂತಿದ್ದ ಮಕ್ಕಳು ನಕ್ಕರು. ನಾವೂ ನಕ್ಕೆವು.

ಅಲ್ಲೇ ತಪ್ಪಾಯಿತು. ಆ ಮೂರು ಸದ್ದು ನಿಜವಾಗಿ ಆದಾಗ ನಮ್ಮ ಕಾಲುಗಳು ಏನು ಮಾಡುತ್ತವೆ ಎಂದು ಯಾರಿಗೂ ಹೊಳೆಯಲಿಲ್ಲ. ನಿಮಗೆ ಹೊಳೆಯಲಿಲ್ಲ, ಅದು ಸಹಜ. ಜೀವಮಾನವಿಡೀ ಆ ಸದ್ದಿಗೆ ಕಿವಿಯಿಟ್ಟು ಬದುಕಿದ ನಮಗೂ ಹೊಳೆಯಲಿಲ್ಲ. ಗುಂಡಿನ ಸದ್ದೇ ಬೇರೆ, ಮದ್ದಿನ ಸದ್ದೇ ಬೇರೆ ಎಂದುಕೊಂಡಿದ್ದೆವು. ಆದರೆ ನಮ್ಮ ಸ್ಮಶಾನ ಇರುವುದು ಹಳೆ ಕ್ವಾರಿಯ ಗೋಡೆಯ ಬುಡದಲ್ಲಿ. ಸಾಲಾಗಿ ನಿಂತ ಬಂದೂಕುಗಳು ಒಟ್ಟಿಗೆ ಸಿಡಿದ ಸದ್ದು ಆ ಗೋಡೆಗೆ ಬಡಿದು ದಪ್ಪವಾಗಿ, ಗುಡ್ಡದ ಹೊಟ್ಟೆಯೊಳಗಿಂದ ಎದ್ದಂತೆ ತಿರುಗಿ ಬಂತು. ಒಂದು. ಜನ ಬೆಚ್ಚಿದರು. ಎರಡು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಮೂರು.

ಮಾನ್ಯರೇ, ಯೋಚನೆ ಮಾಡಿ ಓಡಿದವರು ಯಾರೂ ಇಲ್ಲ. ಗುಂಡಿ ಮುಚ್ಚಲು ಸಲಿಕೆ ಹಿಡಿದು ನಿಂತಿದ್ದವರು ಸಲಿಕೆಯ ಸಮೇತ ಓಡಿದರು. ದೊಡ್ಡ ಟೀಚರು ಚಪ್ಪಲಿ ಬಿಟ್ಟು ಓಡಿದರು. ಘೋಷಣೆ ಕೂಗಿ ಕೂಗಿ ಉಬ್ಬಸ ಹತ್ತಿಸಿಕೊಂಡ ನಾನೂ ಓಡಿದೆ. ನಮ್ಮೆಲ್ಲರಿಗಿಂತ ಮುಂದೆ, ನಿಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಉರುಳಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು ನಮ್ಮಕ್ಕ ಓಡುತ್ತಿದ್ದಳು. ಹೆತ್ತ ಮಗನ ಪೆಟ್ಟಿಗೆಯನ್ನು ಬಿಟ್ಟು, ಇನ್ನಾರದೋ ಮಗ ಕೆಳಗಿದ್ದಾನೆಂದು. ನಿಮ್ಮ ವರದಿಯ ‘ಪಲಾಯನ’ ಇದೇ.

ಕ್ವಾರಿಗೆ ಅವತ್ತು ರಜೆ. ಗೇಟಿನ ಕಾವಲುಗಾರ ಒಬ್ಬನೇ ಬೀಡಿ ಸೇದುತ್ತಾ ಕೂತಿದ್ದ. ಮಣ್ಣಿಗೆ ಬಂದ ಬಟ್ಟೆಯಲ್ಲೇ ಊರಿಗೆ ಊರೇ ಗುಡ್ಡ ಹತ್ತಿ ಬಂದದ್ದನ್ನು ಕಂಡು ಎದ್ದು ನಿಂತ. "ಏನ್ರಪ್ಪಾ, ಹುಡುಗನ್ನ ಅಲ್ಲಿ ಬಿಟ್ಟು ಎಲ್ಲಾ ಇಲ್ಲಿಗ್ಯಾಕೆ ಬಂದ್ರಿ?" ಎಂದ. ಬೇಕರಿಯವನು ತನ್ನ ಕೈಯಲ್ಲಿದ್ದ ಸಲಿಕೆಯನ್ನೇ ದಿಟ್ಟಿಸಿ ನೋಡುತ್ತಾ ನಿಂತ. ಅಷ್ಟು ಜನ ಒಟ್ಟಿಗೆ ನಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಕ್ಕ ನಿಲ್ಲಲಿಲ್ಲ. ಕೆಳಗಿಳಿದು, ಜಲ್ಲಿ ರಾಶಿಯ ಪಕ್ಕದಲ್ಲಿ ಮೊಣಕಾಲೂರಿ ಕಲ್ಲು ಎತ್ತಿ ಬದಿಗೆ ಹಾಕತೊಡಗಿದಳು. ನಾನು ಹೋಗಿ ಭುಜ ಹಿಡಿದೆ. ಇಲ್ಲಿ ಯಾರೂ ಇಲ್ಲ, ಅದು ಕುಶಾಲತೋಪು ಎಂದೆ.

"ಗೊತ್ತು ಕಣೇ," ಎಂದಳು. ಎಂದವಳು ಇನ್ನೊಂದು ಕಲ್ಲು ಎತ್ತಿದಳು. "ಅವನು ಕೆಳಗೆ ಸೀಟಿ ಹೊಡ್ದಿರ್ತಾನೆ. ಹೊಡೀದೆ ಇರೋನಲ್ಲ. ಯಾರಾದ್ರೂ ಓಡ್ಬಂದ್ರಾ ಅಂತ ಕೇಳ್ಬೇಕು ನಾನು. ಆ ಹುಡುಗ ವ್ಯಾನಲ್ಲಿದ್ದಾನಲ್ಲ, ಅವನಿಗೆ ಗೊತ್ತಿರುತ್ತೆ."

ಬೆಳಿಗ್ಗೆ ಪೆಟ್ಟಿಗೆ ಇಳಿಸುವಾಗಲೇ ಆ ಸೈನಿಕ ಅಕ್ಕನನ್ನು ಗುರುತು ಹಿಡಿದಿದ್ದ. ಅವನ ಒಂದು ಕೈ ಪಟ್ಟಿಯಲ್ಲಿ ತೂಗುತ್ತಿತ್ತು. "ಅಮ್ಮಾ, ಎಲ್ಲಾ ಹೇಳ್ತೀನಿ. ಇದು ಮುಗೀಲಿ" ಎಂದಿದ್ದ. ಅಷ್ಟೇ ಮಾತು. ಆ ಹುಡುಗನ ಮೇಲೆ ನಮಗೆ ಕಿಂಚಿತ್ತೂ ಸಿಟ್ಟಿಲ್ಲ.

ನಾವು ಇಳಿದು ಬರುವಷ್ಟರಲ್ಲಿ ನೀವೆಲ್ಲ ಹೊರಟುಹೋಗಿದ್ದಿರಿ. ಗುಂಡಿಯ ಮೇಲಿನ ಹಲಗೆಗಳ ಮೇಲೆ ಪೆಟ್ಟಿಗೆ ಹಾಗೆಯೇ ಇತ್ತು. ಪಕ್ಕದಲ್ಲಿ, ಊರುಗೋಲಿನ ಮೇಲೆ ಭಾವ. ಓಡಲಾರದವರು ಊರಲ್ಲಿ ಅವರೊಬ್ಬರೇ. ಅಕ್ಕನಿಗೆ ಎರಡು ಅಂಗೈ ಎತ್ತಿ ಹಿಡಿಯಲು ಹೇಳಿಕೊಟ್ಟಿದ್ದಿರಲ್ಲ, ಆ ಧ್ವಜ ಮಡಿಸಿದಂತೆಯೇ ಕುರ್ಚಿಯ ಮೇಲಿತ್ತು. ಭಾವ ನಡೆದದ್ದನ್ನು ಹೇಳಿದರು. ಅಧಿಕಾರಿಗಳು ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿದರಂತೆ. ಕಹಳೆ ಊದಬೇಕಾದವನು ಊದಲೋ ಬೇಡವೋ ಎಂದು ಅದನ್ನು ತುಟಿಯ ಬಳಿಯೇ ಹಿಡಿದು ನಿಂತಿದ್ದನಂತೆ. ಸ್ವಲ್ಪ ತಡೆಯಿರಿ, ಯಾರೋ ಕೆಳಗಿದ್ದಾರೆಂದು ಹೋಗಿದ್ದಾರೆ, ಬರುತ್ತಾರೆ ಎಂದು ಭಾವ ಕೈ ಮುಗಿದು ಕೇಳಿಕೊಂಡರಂತೆ. ಅವರ ಮಾತು ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಮಂತ್ರಿಗಳಿಗೆ ಇನ್ನೊಂದು ಊರಿನಲ್ಲಿ ಉದ್ಘಾಟನೆಯಿತ್ತು. "ಆ ಕೈ ಮುರ್ಕೊಂಡ ಹುಡುಗ ಇಳಿಯೋಕೆ ಅಂತ ಎದ್ದ. ಕೂತ್ಕೋ ಅಂದ್ರು. ಕೂತ್ಕೊಂಡ" ಎಂದರು ಭಾವ. ನಮ್ಮ ಹುಡುಗನನ್ನು ನಾವೇ ಇಳಿಸಿ ನಾವೇ ಮಣ್ಣು ಮುಚ್ಚಿದೆವು. ಅದೇನೂ ನಮಗೆ ಹೊಸದಲ್ಲ.

ಆಮೇಲೆ ನಿಮ್ಮ ಕಚೇರಿಗೆ ಅಲೆದಾಟ. ಭಾವ ಮತ್ತು ನಾನು ಬಸ್ಸು ಬದಲಿಸಿ ಬಂದು, ನಿಮ್ಮ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ (ಲಿಫ್ಟು ಅಧಿಕಾರಿಗಳಿಗೆ ಮಾತ್ರವಂತೆ, ಯುದ್ಧದಲ್ಲಿ ಕಾಲು ಕಳೆದುಕೊಂಡವರೂ ಅದೇ ಮೆಟ್ಟಿಲು ಹತ್ತುತ್ತಿದ್ದರು), ಕಿಟಕಿಯಾಚೆಯ ಗುಮಾಸ್ತರನ್ನು ಕಂಡೆವು. ಸೌಮ್ಯ ಮನುಷ್ಯ. ಕಂಪ್ಯೂಟರ್ ನೋಡಿ ಸಮಾರಂಭ ಮುಗಿದಿಲ್ಲ ಎಂದು ತೋರಿಸುತ್ತಿದೆ ಎಂದರು.

"ಹುಡುಗನ್ನ ಹೂತಾಯ್ತಲ್ಲಪ್ಪಾ," ಎಂದರು ಭಾವ.

"ಹೂತಿದ್ದು ಸರಿ ಯಜಮಾನ್ರೇ. ಮುಗಿದಿಲ್ಲ."

"ಹಾಗಾದ್ರೆ ಮುಗಿಸಿಬಿಡಿ. ನಾವು ಎಲ್ಲೂ ಓಡಲ್ಲ, ಬೇಕಾದ್ರೆ ಕುರ್ಚಿಗೆ ಕಟ್ಟಿಹಾಕಿ."

"ಒಬ್ಬರಿಗೆ ಒಂದೇ ಸಲ ಗೌರವ ಕೊಡೋದು," ಎಂದರು ಗುಮಾಸ್ತರು. ತಮ್ಮ ಮಾತು ತಮಗೇ ಕೇಳಿಸಿರಬೇಕು, ಆಮೇಲೆ ತಲೆ ಎತ್ತಲಿಲ್ಲ.

ಇಲ್ಲಿಗೆ ನಿಮ್ಮ ತರ್ಕ ಸಂಪೂರ್ಣವಾಯಿತು. ಸಮಾರಂಭ ಮುಗಿಯದೆ ಸೈನಿಕನ ಭೇಟಿ ಇಲ್ಲ. ಸಮಾರಂಭವನ್ನು ಮತ್ತೆ ಮಾಡುವಂತಿಲ್ಲ. ಆದ್ದರಿಂದ ನಮ್ಮಕ್ಕನ ಮಗ ನಿಮ್ಮ ಕಡತದಲ್ಲಿ ಎಂದೆಂದಿಗೂ ಅರ್ಧ ಹೂತವನಾಗಿಯೇ ಉಳಿಯುತ್ತಾನೆ. ಇದನ್ನು ಕಂಡುಹಿಡಿಯಲು ಎಷ್ಟು ಜನ ಓದಿದವರು ಬೇಕಾದರೋ! ಅಥವಾ ನನ್ನ ಕೆಟ್ಟ ಬುದ್ಧಿಗೆ ತೋಚುವಂತೆ, ಆ ಸೈನಿಕ ಏನು ಹೇಳುತ್ತಾನೋ ಎಂಬ ಭಯ ನಿಮಗೆ ಮೊದಲೇ ಇತ್ತೇ? ನಮ್ಮ ಓಟ ನಿಮಗೆ ಕುಂಟನಿಗೆ ಸಿಕ್ಕ ಊರುಗೋಲಾಯಿತೇ? ಆ ಕಟ್ಟಡದೊಳಗೆ ನಮ್ಮ ಮಕ್ಕಳನ್ನು ಯಾರು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಕುಸಿದ ಮೇಲೆ ಅಗೆಯಿರಿ ಎಂದು ಆಜ್ಞೆಯಾಯಿತೋ ಹಿಂದೆ ಸರಿಯಿರಿ ಎಂದಾಯಿತೋ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಫಲಕದ ಮೇಲೆ ಬರೆಯುವವಳಲ್ಲ ನಾನು. ಆದರೆ ಬಾಯಿ ಮುಚ್ಚಿಸಿದವರ ಬಗ್ಗೆ ಜನ ಅನುಮಾನಪಟ್ಟರೆ ಅದು ಜನರ ತಪ್ಪಲ್ಲ. ಒಂದು ಕೈ ಪಟ್ಟಿಯಲ್ಲಿ ತೂಗುವ ಹುಡುಗನೊಬ್ಬ ಒಬ್ಬ ತಾಯಿಯ ಜೊತೆ ಕೂತು ಮಾತಾಡಿದರೆ ಅಲುಗಾಡುವ ಸರ್ಕಾರ, ಯಾವ ಧೈರ್ಯದ ಮೇಲೆ ಸಮುದ್ರ ದಾಟಿ ಯುದ್ಧಕ್ಕೆ ಹೋಯಿತು?

ಘನತೆಯ ಮಾತು ಎತ್ತಿದ್ದೀರಿ. ನಿಮ್ಮ ಘನತೆಗೆ ನಾವು ಅಲುಗದೆ ಕೂತಿರಬೇಕಿತ್ತು. ಮೂರು ಸದ್ದು ಕೇಳಿಯೂ ಕುರ್ಚಿ ಬಿಡದೆ, ಅಂಗೈ ಎತ್ತಿ, ಹೇಳಿಕೊಟ್ಟ ಹೊತ್ತಿಗೆ ಅತ್ತು, ಕ್ಯಾಮೆರಾ ತಿರುಗಿದತ್ತ ತಲೆ ತಿರುಗಿಸಿ. ಹಾಗೆ ಕೂರುವ ಜನ ನಾವಾಗಿದ್ದಿದ್ದರೆ ನಮ್ಮ ಭಾವ ಬದುಕುತ್ತಿರಲಿಲ್ಲ. ಹಾಗೆ ಕೂರಬಲ್ಲವರು ನಿಮ್ಮ ಚಪ್ಪರದ ಕೆಳಗೆ ಬೇಕಾದಷ್ಟು ಜನ ಇದ್ದರು. ಅವರ ಶಿಸ್ತಿನ ಬಗ್ಗೆ ನಮ್ಮ ದೂರೇನೂ ಇಲ್ಲ. ನಾವು ನಿಮಗೆ ಕ್ಷಮೆ ಕೇಳುವುದೂ ಇಲ್ಲ. ನಮ್ಮ ತಪ್ಪಿದ್ದರೆ ಅದು ಆ ಪೆಟ್ಟಿಗೆಯಲ್ಲಿದ್ದವನ ಮುಂದೆ ಆದ ತಪ್ಪು. ಅವನು ಇದ್ದಿದ್ದರೆ ನಮ್ಮೆಲ್ಲರಿಗಿಂತ ಮುಂದೆ ಓಡುತ್ತಿದ್ದ.

ನಮಗೆ ಇನ್ನೊಂದು ಸಮಾರಂಭ ಬೇಡ. ಕಹಳೆ ಬೇಡ, ಮಂತ್ರಿ ಬೇಡ, ಸುಣ್ಣ ಬೇಡ. ಪದಕ ಕೊಡುವುದಾದರೆ ಅಂಚೆಯಲ್ಲಿ ಕಳಿಸಿ. ನಮ್ಮ ಬೇಡಿಕೆ ಒಂದೇ. ಆ ಸೈನಿಕನನ್ನು ನಮ್ಮ ಅಕ್ಕನ ಮನೆಗೆ ಕಳಿಸಿ. ಒಬ್ಬನೇ ಬರಲಿ. ಹೇಳಿಕೊಟ್ಟ ಮಾತನ್ನು ಒಪ್ಪಿಸಲು ಅಲ್ಲ, ಕಂಡದ್ದನ್ನು ಹೇಳಲು ಬರಲಿ. ಅಡುಗೆಮನೆಯಲ್ಲಿ ಕೂರಲಿ, ಅಕ್ಕ ಕೇಳಿದ್ದಕ್ಕೆ ಉತ್ತರಿಸಲಿ. ಓಡಿಬಂದರು, ಆದರೆ ತಡವಾಯಿತು ಎಂದರೆ ಅವಳು ತಡೆದುಕೊಳ್ಳುತ್ತಾಳೆ. ಯಾರೂ ಬರಲಿಲ್ಲ ಎಂದರೂ ತಡೆದುಕೊಳ್ಳುತ್ತಾಳೆ. ಈಗ ಅವಳಿಗೆ ತಡೆಯಲಾಗದಿರುವುದು ಎರಡರಲ್ಲಿ ಯಾವುದೆಂದು ಗೊತ್ತಿಲ್ಲದಿರುವುದು. ದಿನವೂ ಅವಳು ಒಲೆಯ ಮುಂದೆ ಕೂತು ಒಮ್ಮೆ ಅವನನ್ನು ಉಳಿಸುತ್ತಾಳೆ, ಒಮ್ಮೆ ಕೊಲ್ಲುತ್ತಾಳೆ. ಪಾತ್ರೆ ಸೀದ ವಾಸನೆ ಬಂದಾಗ ನಾವು ಹೋಗಿ ಒಲೆ ಆರಿಸಿ ಬರುತ್ತೇವೆ. ಅವಳ ಈ ಸ್ಥಿತಿಗೆ ನಿಮ್ಮ ಇಲಾಖೆಯ ಭಾಷೆಯಲ್ಲಿ ಏನೆನ್ನುತ್ತಾರೋ ತಿಳಿಯದು. ನಮ್ಮ ಕಡೆ ಇದನ್ನು ಹಿಂಸೆ ಎನ್ನುತ್ತಾರೆ.

ನೀವು ಕಳಿಸದಿದ್ದರೆ ನಾವು ಬರುತ್ತೇವೆ. ನಾನೊಬ್ಬಳಲ್ಲ, ಅಂದು ಗುಡ್ಡ ಹತ್ತಿದವರೆಲ್ಲ ಬರುತ್ತೇವೆ. ಆ ಸೈನಿಕ ಎದುರಿಗೆ ಬಂದು ಕೂರುವವರೆಗೆ ನಿಮ್ಮ ಮೆಟ್ಟಿಲ ಮೇಲೆ ಕೂರುತ್ತೇವೆ. ಯಾವತ್ತು ಹೊರಡುವುದು, ಯಾವ ಬಸ್ಸು, ಅಕ್ಕನನ್ನು ಯಾರು ಕರೆತರುವುದು ಎಂಬುದನ್ನು ಮುಂದಿನ ಸಭೆಯಲ್ಲಿ ತೀರ್ಮಾನಿಸುತ್ತೇವೆ. ನಿಮ್ಮ ಉತ್ತರ ಅದಕ್ಕೆ ಮೊದಲು ಬಂದರೆ ಸಭೆಯಲ್ಲಿ ಓದುತ್ತೇವೆ. ಸೈನಿಕನೇ ಬಂದರೆ ಸಭೆ ರದ್ದು.

ಇಂತಿ,
ನಿಮ್ಮ ವರದಿಯಲ್ಲಿ ‘ಸಾರ್ವಜನಿಕರು’ ಎಂದು ಬರೆಯಲಾದವರ ಪೈಕಿ, ಈಗಲೂ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಒಬ್ಬ ಚಿಕ್ಕಮ್ಮ

ಸಭೆ: ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಸಂಘದ ಶೆಡ್ಡಿನಲ್ಲಿ.